ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವುದು: ತಪ್ಪು ಕಲ್ಪನೆ ಮತ್ತು ಸತ್ಯ

ಕಾರಿನ ಒಡಲು ನೆಲಕ್ಕೆ ಹತ್ತಿರವಾದಷ್ಟೂ ಅದು ರಸ್ತೆಯನ್ನು ಬಿಗಿಯಾಗಿ ಹಿಡಿದು ಓಡುತ್ತದೆ ಎಂಬ ನಂಬಿಕೆಯಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಅದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ನಂಬಿಕೆ, ಎಂದರೆ ಗ್ರೈಂಡರ್ ಹಿಡಿದು ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿದರೆ ಹೊಸ ಸ್ಪ್ರಿಂಗಿನ ಖರ್ಚಿಲ್ಲದೆ ಅದೇ ಫಲ ಸಿಗುತ್ತದೆ ಎಂಬುದು, ಪರೀಕ್ಷೆಗೆ ನಿಲ್ಲುವುದಿಲ್ಲ.

ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಿಡ್ಡವಾಗುತ್ತದೆಯೇ ಹೊರತು ಅದರ ಗುಣ ಬದಲಾಗುವುದಿಲ್ಲ ಎಂದು ತಿಳಿಯುವುದು ಮೊದಲ ತಪ್ಪು. ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಅದುಮಲು ಬೇಕಾಗುವ ಭಾರವೇ ಅದರ ಬಿಗಿತ. ತಂತಿಯ ದಪ್ಪವೂ ಸುರುಳಿಯ ವ್ಯಾಸವೂ ಹಾಗೇ ಇದ್ದಾಗ ಸುತ್ತುಗಳು ಕಡಿಮೆಯಾದಷ್ಟೂ ಬಿಗಿತ ಹೆಚ್ಚುತ್ತದೆ. ಆರು ಸುತ್ತಿನ, 330 ಮಿ.ಮೀ. ಉದ್ದದ, ಮಿಲಿಮೀಟರಿಗೆ 2 ಕಿಲೋ ಬಿಗಿತದ ಸ್ಪ್ರಿಂಗ್ ಒಂದನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಂಡರೆ, 300 ಕಿಲೋ ಭಾರದಡಿ ಅದು 150 ಮಿ.ಮೀ. ಕುಗ್ಗಿ 180 ಮಿ.ಮೀ.ಗೆ ನಿಲ್ಲುತ್ತದೆ. ಒಂದು ಸುತ್ತು ಕತ್ತರಿಸಿದಾಗ ಉದ್ದ 275 ಮಿ.ಮೀ., ಬಿಗಿತ 2.4 ಕಿಲೋ ಆಗುವುದರಿಂದ ಅದೇ ಭಾರಕ್ಕೆ ಅದು 150 ಮಿ.ಮೀ.ಗೆ ನಿಂತು, ಕಾರು ಆ ಮೂಲೆಯಲ್ಲಿ ಸುಮಾರು 30 ಮಿ.ಮೀ. ಇಳಿಯುತ್ತದೆ. ಎರಡು ಸುತ್ತು ಹೋದರೆ ಉಳಿಯುವುದು 220 ಮಿ.ಮೀ. ಮಾತ್ರ. ಚಕ್ರ ಗುಂಡಿಯ ಮೇಲೆ ಜೋತಾಗ ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಂಡು ಸ್ಪ್ರಿಂಗ್ ಕೂರುವ ಮೇಲಿನ ಮತ್ತು ಕೆಳಗಿನ ಬಟ್ಟಲುಗಳ ನಡುವೆ 260 ಮಿ.ಮೀ. ಅಂತರ ಬಿಟ್ಟಿತೆಂದರೆ, ಆ ಗಿಡ್ಡ ಸ್ಪ್ರಿಂಗ್ 40 ಮಿ.ಮೀ. ಸಡಿಲವಾಗಿ, ಕೂರಬೇಕಾದ ಜಾಗದಿಂದ ಕದಲಬಲ್ಲದು. ಕತ್ತರಿಸಿದ ತುದಿಯಂತೂ ಬಟ್ಟಲಿನ ಅಚ್ಚಿಗೆ ಮೊದಲೇ ಹೊಂದುವುದಿಲ್ಲ.

ಬಿಗಿತ ಹೆಚ್ಚಿದ್ದರಿಂದ ಕಾರು ತಳ ಹೊಡೆಯುವುದಿಲ್ಲ ಎಂಬ ಸಮಾಧಾನವೂ ಲೆಕ್ಕದಲ್ಲಿ ಸೋಲುತ್ತದೆ. ಚಕ್ರ ಮೇಲೆದ್ದು ರಬ್ಬರಿನ ತಡೆಗೆ, ಅಂದರೆ ಬಂಪ್ ಸ್ಟಾಪಿಗೆ, ತಾಗುವ ಮುನ್ನ ಮೊದಲು 70 ಮಿ.ಮೀ. ಅವಕಾಶವಿತ್ತೆಂದುಕೊಂಡರೆ ಒಂದು ಸುತ್ತು ತೆಗೆದ ಮೇಲೆ ಉಳಿಯುವುದು 40 ಮಾತ್ರ. ಬಿಗಿತ ಶೇ. 20ರಷ್ಟೇ ಹೆಚ್ಚಿ ಅವಕಾಶ ಶೇ. 43ರಷ್ಟು ಕುಗ್ಗಿದ್ದರಿಂದ, ತಡೆಗೆ ತಾಗುವ ಮುನ್ನ ಸ್ಪ್ರಿಂಗ್ ನುಂಗಿಕೊಳ್ಳಬಲ್ಲ ಹೆಚ್ಚುವರಿ ಹೊಡೆತ ಮೊದಲಿನ ಐದರಲ್ಲಿ ಎರಡು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಮಿಕ್ಕದ್ದನ್ನು ರಬ್ಬರ್, ಬುಷ್ ಮತ್ತು ಬಾಡಿಯೇ ತಿನ್ನಬೇಕು.

ಗ್ಯಾಸ್ ಕಟರಿನಿಂದ ಕಾಯಿಸಿ ಸ್ಪ್ರಿಂಗನ್ನು ಕುಸಿಸುವ ವಿಧಾನ ಕತ್ತರಿಸುವುದಕ್ಕಿಂತಲೂ ಕೆಟ್ಟದ್ದು. ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದ ಹಾಳಾದ ಜಾಗದಲ್ಲಿ ಅದು ದಿನಕಳೆದಂತೆ ಮತ್ತಷ್ಟು ಕುಸಿಯುತ್ತದೆ. ನಾಲ್ಕೂ ಮೂಲೆಗಳಲ್ಲಿ ಒಂದೇ ಸಮ ಕುಸಿಯುವುದೂ ಇಲ್ಲ.

ತಿರುವುಗಳಲ್ಲಿ ಸಿಗುವ ಲಾಭ ಎಷ್ಟು? ಗುರುತ್ವ ಕೇಂದ್ರ ನೆಲದಿಂದ 550 ಮಿ.ಮೀ. ಎತ್ತರದಲ್ಲಿದ್ದರೆ 30 ಮಿ.ಮೀ. ಇಳಿಕೆಯಿಂದ ಹೊರಚಕ್ರಗಳಿಗೆ ವಾಲುವ ಭಾರ ಶೇ. 5ರಿಂದ 6ರಷ್ಟು ತಗ್ಗುತ್ತದೆ. ಆದರೆ ಸಣ್ಣ ಕಾರುಗಳ ಮುಂಬದಿಯಲ್ಲಿ ಸಾಮಾನ್ಯವಾದ ಮ್ಯಾಕ್‌ಫರ್ಸನ್ ಸ್ಟ್ರಟ್ ರಚನೆಯಲ್ಲಿ, ಕಾರು ಇಳಿದಾಗ ಒಡಲು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತಲೂ ಹೆಚ್ಚು ಕೆಳಗಿಳಿಯುವುದರಿಂದ, ವಾಲಿಸುವ ಸನ್ನೆಯ ಉದ್ದ ಕಡಿಮೆಯಾಗುವ ಬದಲು ಹೆಚ್ಚಬಹುದು. ಜೊತೆಗೆ ಚಕ್ರಗಳ ಟೋ, ಅಂದರೆ ಮೇಲಿನಿಂದ ನೋಡಿದಾಗ ಅವು ಒಳಗೋ ಹೊರಗೋ ತಿರುಗಿರುವ ಕೋನ, ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಪುಣೆಯ ಬಳಿಯ ಕಾತ್ರಜ್ ಘಾಟಿನ ಏರಿಳಿತದಲ್ಲಿ ಓಡಾಡಿದ ಕಾರಿನ ಟೈರ್ ಒಂದೇ ಅಂಚಿನಲ್ಲಿ ಸವೆದುಹೋದರೆ ಆಶ್ಚರ್ಯವಿಲ್ಲ.

ತಗ್ಗಿದ ಕಾರು ದಾಟಬೇಕಾದ ಪುಣೆಯ ರಸ್ತೆ ಹಂಪುಗಳ ವಿಷಯದಲ್ಲಿ ಸಿದ್ಧಾಂತಕ್ಕೂ ಬೀದಿಗೂ ವ್ಯತ್ಯಾಸವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾದರಿಯ ದುಂಡು ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಸುಮಾರು 2.4 ಮೀಟರ್ ಇರುವ ಸಣ್ಣ ಕಾರು ಅದನ್ನು ಹತ್ತಿದಾಗ ಗಾಲಿಗಳೂ ಹಂಪಿನ ಮೇಲೇ ಇರುವುದರಿಂದ, ಹೊಟ್ಟೆಯಡಿಯ ಅಂತರ ಸುಮಾರು 4 ಸೆಂ.ಮೀ.ನಷ್ಟೇ ಕಡಿಮೆಯಾಗುತ್ತದೆ. ಪೇಠಗಳ ಒಳಗಲ್ಲಿಗಳಲ್ಲೂ ವಸತಿ ಸಂಕೀರ್ಣಗಳ ಗೇಟುಗಳಲ್ಲೂ ಕಾಣುವ ಕಿರಿದಾದ, ದಿಢೀರನೆ ಎದ್ದು ನಿಂತ ಹಂಪಿನಲ್ಲಿ ಈ ಅನುಕೂಲವಿಲ್ಲ. ಅದರ ಪೂರ್ತಿ ಎತ್ತರ ಕಾರಿನ ಹೊಟ್ಟೆಯಡಿಗೇ ಬರುತ್ತದೆ. ಅಲ್ಲಿ ಮೊದಲು ಪೆಟ್ಟು ತಿನ್ನುವವುಗಳಲ್ಲಿ ಮೆಕ್ಯಾನಿಕ್‌ಗಳು ಚೇಂಬರ್ ಎನ್ನುವ ಎಂಜಿನ್ ಆಯಿಲಿನ ತೊಟ್ಟಿಯೂ ಒಂದು.

ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಕಾರಿನ ಎತ್ತರ ನಮೂದಾಗಿಲ್ಲ, ಹಾಗಾಗಿ ಕಾನೂನಿನ ಭಯವಿಲ್ಲ ಎಂಬ ವಾದವೂ ಉಂಟು. ಆದರೆ ವಾಹನದ ಪ್ರತಿ ಮಾದರಿಯೂ ಮಾರಾಟಕ್ಕೆ ಮೊದಲು ಅಧಿಕೃತ ಸಂಸ್ಥೆಯೊಂದರಲ್ಲಿ ಪರೀಕ್ಷೆಗೊಳಗಾಗಬೇಕು; 1966ರಲ್ಲಿ ಸ್ಥಾಪನೆಯಾದ ಪುಣೆಯ ಎಆರ್‌ಎಐ ಅಂಥದ್ದೊಂದು. ತಯಾರಕರು ನೀಡಿದ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ ಮೋಟಾರು ವಾಹನ ಕಾಯಿದೆಯ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸುತ್ತದೆ.

ಹೀಗಿರುವಾಗ ಕೈಯಲ್ಲಿ ಹಣ ಕಡಿಮೆಯಿದ್ದವರು ಮೊದಲು ಸವೆದ ಬುಷ್‌ಗಳನ್ನೂ ಸೋರುವ ಶಾಕ್ ಅಬ್ಸಾರ್ಬರ್‌ಗಳನ್ನೂ ಬದಲಿಸಿ, ಒಳ್ಳೆಯ ಟೈರ್ ಹಾಕಿಸಿ, ಅಲೈನ್‌ಮೆಂಟ್ ಸರಿಪಡಿಸಿಕೊಳ್ಳುವುದು ಲೇಸು. ಹಳೆಯ ಕಾರಿನ ಹಿಡಿತ ಕೆಟ್ಟಿರುವುದು ಬಹುಪಾಲು ಇವುಗಳಿಂದಲೇ ಹೊರತು ಎತ್ತರದಿಂದಲ್ಲ.