ಗಾಲಿಗೆ ಒಪ್ಪುವ ಟಯರು: ಅಂಕಿಗಳು ಹೇಳುವ ಮಾತು

ಜಪಾನಿನ ಮಾಜ್ದಾ ಕಂಪನಿಯು 1989ರ ಫೆಬ್ರವರಿಯಲ್ಲಿ ಅಮೆರಿಕದ ಷಿಕಾಗೋ ವಾಹನ ಪ್ರದರ್ಶನದಲ್ಲಿ ಎರಡೇ ಆಸನಗಳ, ಮಡಚುವ ಛಾವಣಿಯ ಪುಟ್ಟ ಕ್ರೀಡಾ ಕಾರೊಂದನ್ನು ಜನರ ಮುಂದಿಟ್ಟಿತು. ಎಂಎಕ್ಸ್-5 ಎಂಬುದು ಅದರ ಹೆಸರು. ಅಮೆರಿಕದಲ್ಲಿ ಅದು ಮಿಯಾಟಾ ಎಂದೇ ಪರಿಚಿತ. 2016ರ ವೇಳೆಗೆ ತಯಾರಾದ ಇಂತಹ ಕಾರುಗಳ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು. ಮೊದಲ ತಲೆಮಾರಿನ ಅನೇಕ ಕಾರುಗಳು ಇಂದಿಗೂ ರಸ್ತೆಯಲ್ಲಿವೆ. ಎಂಜಿನನ್ನು ದುರಸ್ತಿ ಮಾಡಿಸಬಹುದು, ಮೈಗೆ ಬಣ್ಣ ಬಳಿಸಬಹುದು. ಆದರೆ ಟಯರು ಮಾತ್ರ ಸವೆದಾಗಲೆಲ್ಲ ಹೊಸದೇ ಆಗಬೇಕು. ಇಲ್ಲಿಯೇ ತೊಡಕು. ಈಗಿನ ಎಂಎಕ್ಸ್-5 ಕಾರು 16 ಮತ್ತು 17 ಇಂಚಿನ ಗಾಲಿಗಳ ಮೇಲೆ ಓಡುತ್ತದೆ. ಹಳೆಯದರ ಗಾಲಿಯಾದರೋ 14 ಇಂಚಿನದು. ಆ ಅಳತೆಯಲ್ಲಿ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದು ಸಾಮಾನ್ಯ ಪುಟ್ಟ ಕಾರುಗಳ ಟಯರು. ಕಾರ್ಖಾನೆಯ ಗಾಲಿಯನ್ನೇ ಉಳಿಸಿಕೊಳ್ಳಬಯಸುವವರು ಯಾವ ಅಳತೆಯನ್ನು ಆರಿಸಬೇಕು? ಉತ್ತರಕ್ಕೆ ಶಾಲೆಯ ಗಣಿತವೇ ಸಾಕು.

ಅಂಕಿಗಳ ಅರ್ಥ

ಈ ಕಾರಿಗೆ ಕಾರ್ಖಾನೆ ನಿಗದಿಪಡಿಸಿದ ಅಳತೆ 185/60 ಆರ್ 14. ಮೊದಲ ಸಂಖ್ಯೆ ಟಯರಿನ ಅಗಲ: 185 ಮಿಲಿಮೀಟರು. ಎರಡನೆಯದು ಟಯರಿನ ಪಕ್ಕದ ಗೋಡೆಯ ಎತ್ತರ; ಆದರೆ ಅದು ಮಿಲಿಮೀಟರಿನಲ್ಲಿಲ್ಲ, ಅಗಲದ ಶೇಕಡಾವಾರಿನಲ್ಲಿದೆ. ಎಂದರೆ 185ರ ಶೇಕಡಾ 60, ಅಂದರೆ 111 ಮಿ.ಮೀ. ‘ಆರ್’ ಎಂಬುದು ರೇಡಿಯಲ್ ರಚನೆಯ ಸೂಚನೆ. ಕೊನೆಯ 14 ಗಾಲಿಯ ವ್ಯಾಸ, ಇಂಚುಗಳಲ್ಲಿ.

ಒಂದು ಇಂಚಿಗೆ 25.4 ಮಿ.ಮೀ. ಆದುದರಿಂದ ಗಾಲಿಯ ವ್ಯಾಸ 355.6 ಮಿ.ಮೀ. ಮೇಲೆ ಒಂದು, ಕೆಳಗೆ ಒಂದು ಎಂದು ಎರಡು ಗೋಡೆಗಳ 222 ಮಿ.ಮೀ. ಕೂಡಿಸಿದರೆ ಟಯರಿನ ಒಟ್ಟು ವ್ಯಾಸ 577.6 ಮಿ.ಮೀ. ಬದಲಿ ಟಯರನ್ನು ಆರಿಸುವಾಗ ಮೊದಲು ಕಾಪಾಡಬೇಕಾದ ಸಂಖ್ಯೆ ಇದೇ. ಇದರ ಸುತ್ತಳತೆ ಸುಮಾರು 1.815 ಮೀಟರು, ಒಂದು ಕಿಲೋಮೀಟರು ಸಾಗಲು ಚಕ್ರವು ಸುಮಾರು 551 ಸುತ್ತು ಸುತ್ತುತ್ತದೆ.

ವ್ಯಾಸ ಬದಲಾದರೆ

ಅಗಲ ಹೆಚ್ಚಿರಲೆಂದು 195/60 ಆರ್ 14 ಹಾಕಿದರೆ ವ್ಯಾಸ 589.6 ಮಿ.ಮೀ. ಆಗುತ್ತದೆ. ಹೆಚ್ಚಳ ಶೇಕಡಾ 2ರಷ್ಟೇ. ಆದರೆ ವೇಗಮಾಪಕ ಎಣಿಸುವುದು ಸುತ್ತುಗಳನ್ನೇ ಹೊರತು ಸಾಗಿದ ದೂರವನ್ನಲ್ಲ. ಮಾಪಕ ಗಂಟೆಗೆ 100 ಕಿ.ಮೀ. ತೋರುವಾಗ ನಿಜವಾದ ವೇಗ ಮೊದಲಿಗಿಂತ ಶೇಕಡಾ 2ರಷ್ಟು ಅಧಿಕವಾಗಿರುತ್ತದೆ. ಚಕ್ರ ದೊಡ್ಡದಾದಂತೆ ಬ್ರೇಕಿನ ಹಿಡಿತಕ್ಕೂ ಅಷ್ಟೇ ಶ್ರಮ ಹೆಚ್ಚುತ್ತದೆ. 195/55 ಆರ್ 14 ಆರಿಸಿದರೆ ವ್ಯಾಸ 570.1 ಮಿ.ಮೀ.ಗೆ ಇಳಿದು, ಮಾಪಕ ನಿಜಕ್ಕಿಂತ ತುಸು ಹೆಚ್ಚು ತೋರುತ್ತದೆ.

ಇನ್ನೊಂದು ಆಕರ್ಷಣೆ, ಪುಟ್ಟ ಕಾರುಗಳಲ್ಲಿ ಬಳಕೆಯಲ್ಲಿರುವ 175/65 ಆರ್ 14. ವ್ಯಾಸ 583.1 ಮಿ.ಮೀ.; ವ್ಯತ್ಯಾಸ ಶೇಕಡಾ 1ರೊಳಗೆ. ಗಾಲಿಗೂ ಒಪ್ಪುತ್ತದೆ. ಆದರೆ ಅಗಲದಲ್ಲಿ 10 ಮಿ.ಮೀ. ಕಡಿಮೆ. ಅಷ್ಟೇ ಅಲ್ಲ, ಅಳತೆಯ ಪಕ್ಕದಲ್ಲಿರುವ ಇನ್ನೊಂದು ಗುರುತನ್ನೂ ಓದಬೇಕು. ಮೂಲ ಟಯರಿನಲ್ಲಿ ‘82 ಎಚ್’ ಎಂದಿರುತ್ತದೆ. 82 ಎಂದರೆ ಒಂದು ಟಯರು 475 ಕಿಲೋ ಭಾರ ಹೊರಬಲ್ಲದು. ‘ಎಚ್’ ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳಬಲ್ಲದು. ಪುಟ್ಟ ಕಾರಿನ ಟಯರಿನಲ್ಲಿ ಸಾಮಾನ್ಯವಾಗಿ ಕಾಣುವ ‘ಟಿ’ಯ ಮಿತಿ 190 ಕಿ.ಮೀ. ಗಾಲಿಗೆ ಕೂರುವುದೇ ಬೇರೆ, ಕಾರಿಗೆ ತಕ್ಕದ್ದಾಗುವುದೇ ಬೇರೆ. ಭಾರದ ಅಂಕಿಯಲ್ಲಿಯೂ ವೇಗದ ಅಕ್ಷರದಲ್ಲಿಯೂ ಮೂಲಕ್ಕಿಂತ ಕೆಳಗಿಳಿಯಬಾರದು.

ಅಗಲವೇ ಹಿಡಿತವಲ್ಲ

ಟಯರು ಅಗಲವಾದಷ್ಟೂ ಹಿಡಿತ ಹೆಚ್ಚೆಂಬುದು ಜನಪ್ರಿಯ ನಂಬಿಕೆ. ಮೊದಲ ಎಂಎಕ್ಸ್-5ರ ಗಾಲಿಯ ಅಗಲ ಐದೂವರೆ ಇಂಚು, ಅಂದರೆ ಸುಮಾರು 140 ಮಿ.ಮೀ. ಅದಕ್ಕೆ 205 ಮಿ.ಮೀ. ಅಗಲದ ಟಯರು ತೊಡಿಸಿದರೆ ಗೋಡೆಗಳು ಕೆಳಗೆ ಒಳಸರಿದು, ನಡುವೆ ಉಬ್ಬುತ್ತವೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಮೊದಲು ಗೋಡೆ ಬಾಗಿ, ಅನಂತರ ಕಾರು ತಿರುಗುತ್ತದೆ. ಸುಮಾರು ಒಂದು ಟನ್ನಿನೊಳಗಿನ ಈ ಹಗುರ ಕಾರಿನ ಚುರುಕೇ ಇದರಿಂದ ಮಂಕಾಗುತ್ತದೆ. ನೀರು ನಿಂತ ರಸ್ತೆಯಲ್ಲಿ ಅಗಲದ ಟಯರು ನೆಲ ಬಿಟ್ಟು ತೇಲುವ ಸಂಭವವೂ ಅಧಿಕ. ಅದೇ ಕಾರಿನ ಮುಂದಿನ ತಲೆಮಾರಿಗೆ 15 ಇಂಚಿನ ಗಾಲಿ ಕೊಟ್ಟಾಗ ಮಾಜ್ದಾ 195/50 ಆರ್ 15 ಟಯರನ್ನು ಆರಿಸಿತು. ವ್ಯಾಸ 576 ಮಿ.ಮೀ.; ಹಳೆಯದಕ್ಕೂ ಇದಕ್ಕೂ ಎರಡು ಮಿಲಿಮೀಟರಿನಷ್ಟೂ ಅಂತರವಿಲ್ಲ. ಗಾಲಿ ಬೆಳೆದಾಗ ಗೋಡೆ ಕುಗ್ಗಿತು, ವ್ಯಾಸ ಉಳಿಯಿತು.

ಹಳೆಯ ಕ್ರೀಡಾ ಕಾರುಗಳಿಗೆ ಇನ್ನೊಂದು ಅಪಾಯವಿದೆ. ಅವು ಓಡುವುದು ಕಡಿಮೆ. ಟಯರಿನ ಗೀರುಗಳು ಆಳವಾಗಿಯೇ ಇರುತ್ತವೆ, ಆದರೆ ರಬ್ಬರು ಒಳಗೊಳಗೇ ಗಡುಸಾಗಿರುತ್ತದೆ. ಗೋಡೆಯ ಮೇಲಿನ ನಾಲ್ಕಂಕಿ ತಯಾರಿಕೆಯ ಕಾಲವನ್ನು ತಿಳಿಸುತ್ತದೆ: 2319 ಎಂದರೆ 2019ರ 23ನೆಯ ವಾರ. ಕೊಳ್ಳುವ ಮುನ್ನ ಇದನ್ನು ಓದುವುದು ಲೇಸು.

ಮನೆಯಂಗಳದ ಲೆಕ್ಕ

ಈ ಗಣಿತ ಕ್ರೀಡಾ ಕಾರಿಗಷ್ಟೇ ಮೀಸಲಲ್ಲ. ನಮ್ಮ ರಸ್ತೆಗಳಲ್ಲಿ ಕಾಣುವ ಮಾರುತಿ ಸ್ವಿಫ್ಟ್ ಕಾರಿನ ಕೆಲವು ಮಾದರಿಗಳಿಗೆ 165/80 ಆರ್ 14, ಬೇರೆ ಕೆಲವಕ್ಕೆ 185/65 ಆರ್ 15 ಟಯರು ಬರುತ್ತದೆ. ಮಕ್ಕಳು ಎರಡರ ವ್ಯಾಸವನ್ನೂ ಲೆಕ್ಕ ಹಾಕಿ ನೋಡಲಿ: 619.6 ಮತ್ತು 621.5 ಮಿ.ಮೀ. ಶೇಕಡಾವಾರಿನ ಪಾಠ ಮನೆಯ ಬಾಗಿಲಲ್ಲೇ ನಿಂತಿದೆ.

ಕಾರಿನ ಟಯರಿನ ಗೀರು 1.6 ಮಿ.ಮೀ.ಗಿಂತ ಕಡಿಮೆಯಾದರೆ ನಮ್ಮ ದೇಶದ ಮೋಟಾರು ವಾಹನ ನಿಯಮಗಳು ಅದನ್ನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಘಾಟಿ ಇಳಿಯುವ ಕುಟುಂಬಗಳು ಆ ಮಿತಿ ಮುಟ್ಟುವವರೆಗೂ ಕಾಯದಿರುವುದೇ ವಿವೇಕ. ಹೊಸದನ್ನು ಕೊಳ್ಳುವಾಗ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯನ್ನು ಓದಬೇಕು. ಅಳತೆಯೂ ಗಾಳಿಯ ಒತ್ತಡವೂ ಅಲ್ಲಿರುತ್ತವೆ. ಅಂಗಡಿಯಲ್ಲಿ ಆ ಅಳತೆ ಇಲ್ಲವೆಂದರೆ, ಇದ್ದುದನ್ನು ಹಾಕಿಸಿಕೊಳ್ಳುವುದಕ್ಕಿಂತ ಎರಡು ದಿನ ಕಾಯುವುದು ಮೇಲು. ಕಾರು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ಜಾಗಗಳಲ್ಲಿ ಮಾತ್ರ. ಒಳಗೆ ಕುಳಿತವರೆಲ್ಲರ ಭಾರವನ್ನೂ ಹೊರುವುದು ಆ ಜಾಗಗಳೇ.