ಕಳ್ಳಗಾಳಿ

ಗಂಗೊಳ್ಳಿಯ ಅಳಿವೆಯಲ್ಲಿ ನೀರು ಇಳಿಯುತ್ತಿದ್ದ ಹೊತ್ತು. ದಡಕ್ಕೆ ಕಟ್ಟಿದ ನಾಡದೋಣಿಯೊಂದರ ಹಿಂಬದಿಯಲ್ಲಿ ಔಟ್‌ಬೋರ್ಡ್ ಎಂಜಿನ್ ಅರಚಿಕೊಳ್ಳುತ್ತಿತ್ತು. ಎಕ್ಸಿಲರೇಟರ್ ಹಿಡಿ ಪೂರ್ತಿ ಇಳಿಸಿದೆ, ಗೇರು ನ್ಯೂಟ್ರಲ್‌ನಲ್ಲಿದೆ, ಆದರೂ ಸದ್ದು ತಗ್ಗದು. “ಸ್ಲೋ ನಿಲ್ತಿಲ್ಲೆ ಮಾರಾಯ್ರೆ” ಎನ್ನುತ್ತ ದೋಣಿಯವರು ಎಂಜಿನ್ ಮುಚ್ಚಳ ತೆಗೆದು ಕಾರ್ಬೊರೇಟರಿನ ಬದಿಯ ಸ್ಕ್ರೂವನ್ನು ಎರಡು ಸುತ್ತು ಹಿಂದಕ್ಕೆ ತಿರುಗಿಸಿದರು. ಸದ್ದು ಕೊಂಚ ಇಳಿಯಿತು. ಗೇರು ಹಾಕಿದರು, ಎಂಜಿನ್ ಕೆಮ್ಮಿ ನಿಂತೇ ಹೋಯಿತು. ಸ್ಕ್ರೂ ಮತ್ತೆ ಒಳಕ್ಕೆ, ಹಗ್ಗ ಮತ್ತೆ ಎಳೆ, ಮತ್ತದೇ ಅರಚಾಟ. ಹೀಗೆ ನಾಲ್ಕು ಸಲ ಆದಮೇಲೆ, ಪಕ್ಕದ ದೋಣಿಯಲ್ಲಿ ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆಯೇ ಹೇಳಿದರು: “ಸ್ಕ್ರೂ ಬಿಡಿ, ಗಾಳಿ ಎಲ್ಲಿಂದ ಕಾಣಿ.”

ಆ ಒಂದು ಮಾತಿನಲ್ಲಿ ಇಡೀ ರೋಗದ ಮೂಲ ಇತ್ತು. ಎಂಜಿನ್ನಿನ ವೇಗವನ್ನು ತೀರ್ಮಾನಿಸುವುದು ಪೆಟ್ರೋಲು ಎಂದು ನಾವು ತಿಳಿದಿರುತ್ತೇವೆ. ಕಾರ್ಬೊರೇಟರ್ ಇರುವ ಎಂಜಿನ್ನಿನಲ್ಲಿ ಯಜಮಾನಿಕೆ ಗಾಳಿಯದು. ಎಕ್ಸಿಲರೇಟರ್ ತಿರುಗಿಸಿದಾಗ ನಾವು ತೆರೆಯುವುದು ಗಾಳಿಯ ಬಾಗಿಲನ್ನು ಮಾತ್ರ. ಒಳಗೆ ನುಗ್ಗುವ ಗಾಳಿಯೇ ತನಗೆ ಬೇಕಾದ ಇಂಧನವನ್ನು ಎಳೆದುಕೊಂಡು ಹೋಗುತ್ತದೆ. ಕಾರ್ಬೊರೇಟರಿನ ಕೊಳವೆ ನಡುವೆ ಸೊಂಟ ಸಣ್ಣದಾಗುತ್ತದೆ. ಅಲ್ಲಿ ಗಾಳಿಯ ಓಟ ಹೆಚ್ಚಿ ಒತ್ತಡ ಕುಸಿಯುತ್ತದೆ, ಕೆಳಗಿನ ಬಟ್ಟಲಿನಿಂದ ಇಂಧನ ಸಣ್ಣ ತೂತಿನ ಮೂಲಕ ಮೇಲೇರಿ ಸಿಂಪಡಣೆಯಾಗುತ್ತದೆ. ಇಟಲಿಯ ವೆಂಚುರಿ 1797ರಲ್ಲಿ ಹರಿವಿನ ಬಗ್ಗೆ ತನ್ನ ಪ್ರಯೋಗಗಳನ್ನು ಪ್ರಕಟಿಸಿದಾಗ ಅವನ ಎದುರಿಗಿದ್ದದ್ದು ನೀರಿನ ಕೊಳವೆಗಳು. ಸುಮಾರು ನೂರು ವರ್ಷದ ಬಳಿಕ ಅದೇ ಸಣ್ಣ ಸೊಂಟ ಪೆಟ್ರೋಲ್ ಎಂಜಿನ್ನಿನ ಗಂಟಲಾಯಿತು.

ಎಂಜಿನ್ ಸುಮ್ಮನೆ ಗುರುಗುಟ್ಟುತ್ತ ನಿಂತಿರುವಾಗ, ಅಂದರೆ ಐಡಲ್‌ನಲ್ಲಿ, ಈ ಕೊಳವೆಯ ಚಿಟ್ಟೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಕೂದಲೆಳೆಯ ಸಂದಿನಲ್ಲಿ ಗಾಳಿ, ಸೂಜಿಮೊನೆಯ ಜೆಟ್‌ನಲ್ಲಿ ಇಂಧನ. ಇಷ್ಟರಲ್ಲೇ ನಿಮಿಷಕ್ಕೆ 800ರಿಂದ 1000 ಸುತ್ತು ತಿರುಗುತ್ತ ನಿಲ್ಲಬೇಕು. ನಿಖರ ಅಂಕಿ ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಅದು ಎರಡು ಸಾವಿರಕ್ಕೆ ಏರಿದರೆ ಸದ್ದಷ್ಟೇ ತೊಂದರೆಯಲ್ಲ. ಔಟ್‌ಬೋರ್ಡಿನಲ್ಲಿ ಬೈಕಿನ ಹಾಗೆ ಮೆತ್ತಗೆ ಹಿಡಿಯುವ ಕ್ಲಚ್ ಪ್ಲೇಟ್ ಇಲ್ಲ. ತಿರುಗುತ್ತಿರುವ ಗೇರಿನ ಹಲ್ಲಿಗೆ ಇನ್ನೊಂದು ಉಕ್ಕಿನ ಹಲ್ಲು ನೇರ ಬಂದು ಕಚ್ಚಬೇಕು. ನಿಧಾನವಿದ್ದರೆ ‘ಟಕ್’ ಎಂದು ಕೂರುತ್ತದೆ, ಜೋರಿದ್ದರೆ ಹಲ್ಲಿನ ಅಂಚು ಸವೆದು ಕೊನೆಗೆ ಗೇರೇ ಜಾರತೊಡಗುತ್ತದೆ. ಅದಕ್ಕಿಂತ ಮೊದಲು, ಗೇರು ಬಿದ್ದೊಡನೆ ದೋಣಿ ಜಿಗಿಯುತ್ತದೆ. ದೋಣಿಗೆ ಬ್ರೇಕ್ ಇಲ್ಲ, ಅಂಚಿನಲ್ಲಿ ನಿಂತವರಿಗೆ ಹಿಡಿಕೆಯೂ ಇಲ್ಲ.

ನಮ್ಮ ನಾಡದೋಣಿಗಳ ಔಟ್‌ಬೋರ್ಡುಗಳಲ್ಲಿ ಬಹುಪಾಲು ಟೂ ಸ್ಟ್ರೋಕ್. ಇವುಗಳಲ್ಲಿ ಗಾಳಿ ನೇರ ಸಿಲಿಂಡರಿಗೆ ಹೋಗುವುದಿಲ್ಲ, ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಗೆ ಬರುತ್ತದೆ. ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ 1890ರ ಆಸುಪಾಸಿನಲ್ಲಿ ರೂಪಿಸಿದ ಉಪಾಯ ಇದು. ಪಿಸ್ಟನ್ ಮೇಲೇರಿದಾಗ ಕೋಣೆ ಉಸಿರೆಳೆದುಕೊಳ್ಳುತ್ತದೆ, ಇಳಿದಾಗ ಆ ಉಸಿರನ್ನು ಸಿಲಿಂಡರಿಗೆ ಒತ್ತುತ್ತದೆ. ತೆಳುರೆಕ್ಕೆಯ ರೀಡ್ ವಾಲ್ವ್ ಅದನ್ನು ಹಿಂದಕ್ಕೆ ಹೋಗಗೊಡದು. ನಿಮಿಷಕ್ಕೆ 900 ಸುತ್ತು ಎಂದರೆ ಸೆಕೆಂಡಿಗೆ 15 ಉಸಿರು. ಇಷ್ಟು ಚುರುಕಾಗಿ ಎಳೆಯುವ ಕೋಣೆಗೆ ಎಲ್ಲಾದರೂ ಬಿರುಕಿದ್ದರೆ ಗಾಳಿ ಅಲ್ಲಿಂದಲೂ ಬರುತ್ತದೆ. ಕಾರ್ಬೊರೇಟರಿನ ಪ್ಯಾಕಿಂಗ್ ಹರಿದಿರಬಹುದು, ಕ್ರ್ಯಾಂಕ್‌ನ ಆಯಿಲ್ ಸೀಲ್ ಒಣಗಿ ಗಟ್ಟಿಯಾಗಿರಬಹುದು. ಈ ಗಾಳಿ ಸೊಂಟದ ದಾರಿ ಹಾದಿಲ್ಲ, ಲೆಕ್ಕಕ್ಕೆ ಸಿಕ್ಕಿಲ್ಲ, ಇಂಧನವನ್ನೂ ತಂದಿಲ್ಲ. ಕಳ್ಳಗಾಳಿ ಎನ್ನೋಣ. ಬಾಗಿಲು ಮುಚ್ಚಿದ್ದರೂ ಎಂಜಿನ್ನಿಗೆ ಉಸಿರು ಸಿಗುತ್ತಿದೆ, ಹಾಗಾಗಿ ಓಡುತ್ತದೆ. ಮಿಶ್ರಣ ತೆಳುವಾಗಿದೆ, ಹಾಗಾಗಿ ಗೇರಿನ ಭಾರ ಬಿದ್ದೊಡನೆ ಸಾಯುತ್ತದೆ. ಸ್ಕ್ರೂ ತಿರುಗಿಸಿದ್ದಕ್ಕೆ ಎರಡೂ ಕಡೆ ಪೆಟ್ಟು ಬಿದ್ದದ್ದು ಇದರಿಂದ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿ ಬೈಕ್ ಓಡಿಸಿದವರಿಗೆ ಇದು ಹಳೆಯ ಪರಿಚಯ. ಸಿಗ್ನಲ್‌ನಲ್ಲಿ ನಿಂತಾಗ ತಾನಾಗಿ ರೇಸ್ ಆಗುವ ಗಾಡಿ, ಹ್ಯಾಂಡಲ್ ತಿರುಗಿಸಿ ಬಿಟ್ಟರೂ ಸದ್ದು ಹಟ ಹಿಡಿದು ನಿಧಾನಕ್ಕೆ ಇಳಿಯುವುದು. ಆದರೆ ಬೈಕು ರಸ್ತೆ ಬದಿಗೆ ನಿಲ್ಲುತ್ತದೆ, ದೋಣಿ ದಡದಿಂದ ಹತ್ತು ಮೈಲಿ ಆಚೆ ನಿಲ್ಲುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ನಿಗೆ ಎಣ್ಣೆ ಬರುವುದು ಇಂಧನದ ಜೊತೆಗೇ, ಹಲವು ಎಂಜಿನ್‌ಗಳಲ್ಲಿ 50 ಪಾಲು ಪೆಟ್ರೋಲಿಗೆ 1 ಪಾಲು. ಮಿಶ್ರಣ ತೆಳುವಾದರೆ ಬೆಂಕಿ ಬಿಸಿಯಾಗುತ್ತದೆ, ಎಣ್ಣೆ ಕಡಿಮೆಯಾಗುತ್ತದೆ. “ಫುಲ್ ಸ್ಪೀಡಲ್ಲಿ ಚೆನ್ನಾಗೇ ಓಡ್ತದೆ” ಎಂಬ ಸಮಾಧಾನ ಇಲ್ಲಿ ಮೋಸ ಮಾಡುತ್ತದೆ. ಪೂರ್ತಿ ತೆರೆದ ಬಾಗಿಲಿನ ಗಾಳಿಯ ಮುಂದೆ ಸಣ್ಣ ಬಿರುಕಿನ ಪಾಲು ಲೆಕ್ಕಕ್ಕಿಲ್ಲದಂತೆ ಕಾಣುತ್ತದೆ, ನಿಜ. ಆದರೆ ಕಾವು ಹೆಚ್ಚಿರುವುದೂ ಆಗಲೇ, ಪಿಸ್ಟನ್ ಜಾಮ್ ಆಗುವುದೂ ಆಗಲೇ.

ಹಾಗೆಂದು ಪ್ರತಿ ಅರಚಾಟಕ್ಕೂ ಕಳ್ಳಗಾಳಿಯನ್ನೇ ದೂರುವುದು ತಪ್ಪು. ಎಂಜಿನ್ ಬಂದ್ ಮಾಡಿ ಮೊದಲು ನೋಡಬೇಕಾದದ್ದು ಕೇಬಲ್. ಉಪ್ಪು ಕೂತು ಬಿಗಿದ ಕೇಬಲ್, ತುಕ್ಕು ಹಿಡಿದ ಸ್ಪ್ರಿಂಗ್, ಇವೆರಡರಿಂದಲೇ ಚಿಟ್ಟೆ ಬಾಗಿಲು ಪೂರ್ತಿ ಮುಚ್ಚದೆ ನಿಂತಿರುತ್ತದೆ. ಕಾರ್ಬೊರೇಟರ್ ಕಡೆಯ ತುದಿ ಬಿಚ್ಚಿ ಕೈಯಿಂದ ಮುಚ್ಚಿ ನೋಡಿದರೆ ಅನುಮಾನ ಮುಗಿಯಿತು. ಇನ್ನೊಂದು ಗುಟ್ಟು ಫ್ಲೈವೀಲಿನ ಕೆಳಗಿದೆ. ಅನೇಕ ಔಟ್‌ಬೋರ್ಡುಗಳಲ್ಲಿ ಎಕ್ಸಿಲರೇಟರ್ ಮೊದಲು ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ತಟ್ಟೆಯನ್ನು ತಿರುಗಿಸಿ ಕಿಡಿಯ ಹೊತ್ತನ್ನು ಮುಂದಕ್ಕೆ ತರುತ್ತದೆ, ಆಮೇಲೆ ಬಾಗಿಲು ತೆರೆಯುತ್ತದೆ. ಮಿಶ್ರಣ ಉರಿಯಲು ಒಂದಿಷ್ಟು ಹೊತ್ತು ಬೇಕು. ಕಿಡಿ ಬೇಗ ಬಿದ್ದರೆ ಆ ಉರಿಯ ಒತ್ತು ಪಿಸ್ಟನ್ನಿಗೆ ಸರಿಯಾದ ಜಾಗದಲ್ಲಿ ಸಿಗುತ್ತದೆ. ಐಡಲ್‌ನಲ್ಲಿ ಬೇಕೆಂದೇ ಕಿಡಿಯನ್ನು ತಡಮಾಡಿ, ಶಕ್ತಿ ಹಾಳು ಮಾಡಿ, ಎಂಜಿನ್ನನ್ನು ನಿಧಾನದಲ್ಲಿ ಇಟ್ಟಿರುತ್ತಾರೆ. ಆ ತಟ್ಟೆ ಹಿಂದಕ್ಕೆ ಬಾರದೆ ಸಿಕ್ಕಿಕೊಂಡರೆ, ಗಾಳಿ ಒಂದಿಷ್ಟೂ ಹೆಚ್ಚದೆ ಸುತ್ತು ಏರುತ್ತದೆ. ಇದನ್ನು ಮರೆತು ಕಾರ್ಬೊರೇಟರ್ ಬಿಚ್ಚಿದವರು ಬಹಳ ಜನ.

ಅಂಗಳದಲ್ಲಿ ಪೈಪಿನ ನೀರು ಕೊಟ್ಟು ಎಂಜಿನ್ ಚಾಲೂ ಮಾಡಿ ಐಡಲ್ ಹೊಂದಿಸುವುದು ಇನ್ನೊಂದು ರೂಢಿ. ಔಟ್‌ಬೋರ್ಡಿನ ಹೊಗೆ ಹೋಗುವುದು ನೀರಿನೊಳಕ್ಕೆ, ಆ ನೀರು ಹೊಗೆಗೆ ಎದುರು ಒತ್ತುತ್ತದೆ. ದಡದ ಮೇಲೆ ಆ ಒತ್ತು ಇಲ್ಲದ್ದರಿಂದ ಎಂಜಿನ್ ಸಹಜವಾಗಿಯೇ ಜೋರಾಗಿ ತಿರುಗುತ್ತದೆ. ಅಲ್ಲಿ ಇಳಿಸಿದ ಸ್ಕ್ರೂ ಕಡಲಿನಲ್ಲಿ ಕೈಕೊಡುತ್ತದೆ. ನೀರು ತುಂಬಿದ ಡ್ರಮ್ಮು ವಾಸಿ. ಕೊನೆಯ ಹೊಂದಾಣಿಕೆಯಂತೂ ದೋಣಿಯನ್ನು ಗಟ್ಟಿಯಾಗಿ ಕಟ್ಟಿ, ಎಂಜಿನ್ ಕಾದಮೇಲೆ, ಗೇರು ಹಾಕಿಯೇ ಆಗಬೇಕು. ನೀರೇ ಇಲ್ಲದೆ ಓಡಿಸುವ ಮಾತು ಬೇಡ, ತಂಪಿಗೆ ನೀರೆತ್ತುವ ಒಳಗಿನ ರಬ್ಬರ್ ಇಂಪೆಲ್ಲರ್ ನೋಡನೋಡುತ್ತಲೇ ಸುಟ್ಟು ಹೋಗುತ್ತದೆ.

ಇಂಧನದ ಕಡೆಯಿಂದಲೂ ಮಿಶ್ರಣ ತೆಳುವಾಗಬಹುದು. ಮೀನುಗಾರಿಕೆ ನಿಷೇಧದ ಜೂನ್, ಜುಲೈನಲ್ಲಿ ಶೆಡ್ಡಿನಲ್ಲಿ ಕೂತ ಎಂಜಿನ್ನಿನ ಬಟ್ಟಲಲ್ಲಿ ಉಳಿದ ಪೆಟ್ರೋಲು ಆರಿ ಅಂಟಾಗಿ ಐಡಲ್ ಜೆಟ್ಟನ್ನು ಮುಚ್ಚುತ್ತದೆ. ಪೆಟ್ರೋಲಿನಲ್ಲಿ ಹೊತ್ತಿಸಿ, ಕಾದಮೇಲೆ ಸೀಮೆಎಣ್ಣೆಗೆ ತಿರುಗಿಸುವ ಎಂಜಿನ್‌ಗಳಲ್ಲಿ ಮಸಿ ಬೇರೆ. ಈಗ ಎಥನಾಲ್ ಸೇರಿದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ. ಬರೀ ಪೆಟ್ರೋಲಿನ 1 ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಹೊಸ ಕಾರಿನ ಕಂಪ್ಯೂಟರ್ ಇದನ್ನು ಅರಿತು ಇಂಧನ ಹೆಚ್ಚಿಸುತ್ತದೆ. ಕಾರ್ಬೊರೇಟರಿಗೆ ಮಿದುಳಿಲ್ಲ, ಅದು ಹಳೆಯ ಅಳತೆಯಲ್ಲೇ ಬಡಿಸುತ್ತದೆ. ಹಳೆಯ ರಬ್ಬರ್ ಪೈಪು, ಸೀಲುಗಳಿಗೂ ಎಥನಾಲ್ ಒಗ್ಗುವುದಿಲ್ಲ. ತೇವ ಹೀರುವ ಅದರ ಗುಣವಂತೂ ಕಡಲಿನ ಮೇಲೆ ಯಾರಿಗೂ ಬೇಡದ ಉಡುಗೊರೆ.

ಇವೆಲ್ಲ ಸರಿಯಿದ್ದರೆ ಮಾತ್ರ ಬಿರುಕಿನ ಬೇಟೆ. ಎಂಜಿನ್ ಅರಚುತ್ತಿರುವಾಗಲೇ ಜೋಡಣೆಗಳ ಮೇಲೆ ಒಂದೊಂದಾಗಿ ಸೋಪಿನ ನೀರು ಚಿಮುಕಿಸುತ್ತ ಹೋಗುವುದು. ನೀರು ಬಿರುಕಿಗೆ ಕೂತ ಕ್ಷಣ ಕಳ್ಳದಾರಿ ಮುಚ್ಚಿ ಸದ್ದು ಬದಲಾಗುತ್ತದೆ. ಕೆಲವರು ಇದಕ್ಕೆ ಪೆಟ್ರೋಲನ್ನೋ ಸ್ಪ್ರೇ ಕ್ಲೀನರನ್ನೋ ಬಳಸುತ್ತಾರೆ. ದೋಣಿಯಲ್ಲಿ ಆ ಧೈರ್ಯ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂತು ಒಂದು ಕಿಡಿಗಾಗಿ ಕಾಯುತ್ತದೆ. ಎಣ್ಣೆಯ ಕಲೆಯೂ ಸುಳಿವು ಕೊಡುತ್ತದೆ. ರೀಡ್ ವಾಲ್ವಿನಿಂದ ಒಳಗಿನ ಬಿರುಕಾದರೆ ಕ್ರ್ಯಾಂಕ್ ಕೋಣೆ ಎಳೆಯುವುದಷ್ಟೇ ಅಲ್ಲ, ಉಗುಳುವುದೂ ಉಂಟು, ಸುತ್ತ ಕಪ್ಪು ಜಿಡ್ಡು ಕಾಣುತ್ತದೆ. ವಾಲ್ವಿನಿಂದ ಈಚೆಯ ಬಿರುಕು ಬರೀ ಎಳೆಯುತ್ತದೆ, ಆದ್ದರಿಂದ ಚೊಕ್ಕಟವಾಗಿರುತ್ತದೆ. ಕೆಳಗಿನ ಆಯಿಲ್ ಸೀಲ್ ಮಾತ್ರ ಕೈಗೂ ಕಣ್ಣಿಗೂ ಸಿಗದು. ಅದಕ್ಕೆ ಗ್ಯಾರೇಜಿನಲ್ಲಿ ಕೋಣೆಗೆ ಗಾಳಿ ತುಂಬಿ, ಒತ್ತಡ ಇಳಿಯುತ್ತದೆಯೇ ಎಂದು ನೋಡಬೇಕು.

ಗಂಗೊಳ್ಳಿಯ ದೋಣಿಯಲ್ಲಿ ಜಿಡ್ಡು ಇರಲಿಲ್ಲ. ಹಿರಿಯರು ಬಲೆ ಬದಿಗಿಟ್ಟು ಬಂದು, ಲೋಟದಲ್ಲಿ ಸೋಪು ಕದಡಿ, ಕಾರ್ಬೊರೇಟರ್ ಕೂತ ಜಾಗಕ್ಕೆ ಬೆರಳಿನಿಂದ ಹನಿಸಿದರು. ಮೂರನೆಯ ಹನಿಗೆ ಅರಚಾಟ ತಟ್ಟನೆ ಇಳಿದು ಮತ್ತೆ ಏರಿತು. ಬಿಚ್ಚಿದರೆ ಒಳಗೆ ಪ್ಯಾಕಿಂಗ್ ಇತ್ತು, ಆದರೆ ಅಂಗಡಿಯದಲ್ಲ. ಹಿಂದೊಮ್ಮೆ ಕಾರ್ಬೊರೇಟರ್ ತೊಳೆದಾಗ ಹರಿದದ್ದಕ್ಕೆ ಬದಲಾಗಿ ಯಾರೋ ಮದುವೆಯ ಕರೆಯೋಲೆಯನ್ನು ಕತ್ತರಿಸಿ ಕೂರಿಸಿದ್ದರು. ಪೆಟ್ರೋಲು ಕುಡಿದು ಒಂದು ಮೂಲೆ ಕರಗಿಹೋಗಿತ್ತು, ಉಳಿದ ಭಾಗದಲ್ಲಿ ಮುಹೂರ್ತದ ಗಳಿಗೆ ಇನ್ನೂ ಓದುವಂತಿತ್ತು.

ಹೊಸ ಪ್ಯಾಕಿಂಗ್ ತರಲು ಹುಡುಗನೊಬ್ಬ ಬೈಕ್ ಹತ್ತಿದ. ದೋಣಿಯವರು ಸ್ಕ್ರೂ ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಿದ್ದೆನೆಂದು ನೆನಪಿಸಿಕೊಳ್ಳುತ್ತ ಕೂತರು.