ಉಳಿದ ಮೂರು ಕಾಲಿನ ಲೆಕ್ಕ

ಅಮೆರಿಕದ ಬಾರ್ಬರೊ ಎಂಬ ರೇಸ್ ಕುದುರೆ 2006ರ ಮೇ 6ರಂದು ಕೆಂಟಕಿ ಡರ್ಬಿಯನ್ನು ಆರೂವರೆ ಲೆಂತ್‌ಗಳ (ಒಂದು ಲೆಂತ್ ಎಂದರೆ ಒಂದು ಕುದುರೆಯ ಉದ್ದ) ಅಂತರದಿಂದ ಗೆದ್ದಿತು. ಎರಡೇ ವಾರದಲ್ಲಿ, ಬಾಲ್ಟಿಮೋರ್‌ನ ಪ್ರೀಕ್‌ನೆಸ್ ಓಟ ಶುರುವಾದ ಕೆಲವೇ ಕ್ಷಣಗಳಿಗೆ, ಅದರ ಬಲ ಹಿಂಗಾಲು ಮುರಿಯಿತು. ಆಮೇಲೂ ಎಂಟು ತಿಂಗಳು ಬದುಕಿತ್ತು. ಅದು ಬದುಕಿದ ರೀತಿ, ಸತ್ತ ಕಾರಣ ಎರಡನ್ನೂ ನೋಡಿದರೆ ಕುದುರೆ ಕಾಲಿನ ಬಗ್ಗೆ ನಾವು ನಂಬಿಕೊಂಡ ಹಲವು ಮಾತು ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಕಾಲು ಮುರಿದರೆ ಗುಂಡೇ ಗತಿ

ಸಿನಿಮಾಗಳು ಕಲಿಸಿದ ಪಾಠ ಇದು. ಮುರಿತಗಳೆಲ್ಲ ಒಂದೇ ಬಗೆಯವಲ್ಲ. ಮೂಳೆ ಬರೀ ಸೀಳಿ, ತುಂಡು ಜಾಗ ಬಿಡದಿದ್ದರೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಅಂಥ ಎಷ್ಟೋ ಕುದುರೆಗಳು ಮತ್ತೆ ರೇಸಿಗೂ ಇಳಿದಿವೆ. ಕಷ್ಟವೆಲ್ಲ ಮೂಳೆ ಪುಡಿಯಾದಾಗ, ಚರ್ಮ ಹರಿದು ಹೊರಬಂದಾಗ. ಮಂಡಿಯ ಕೆಳಗೆ ಕುದುರೆಗೆ ಮಾಂಸಖಂಡ ಇಲ್ಲವೆಂದೇ ಹೇಳಬೇಕು. ಮೂಳೆ, ಸ್ನಾಯುರಜ್ಜು, ತೆಳು ಚರ್ಮ, ಅಷ್ಟೇ. ರಕ್ತ ಸಂಚಾರ ಕಡಿಮೆ, ಸೋಂಕು ಹೊಕ್ಕರೆ ಬಿಡಿಸುವುದು ಕಷ್ಟ. ಮೇಲೆ 450–500 ಕಿಲೋ ಭಾರ.

ತಪ್ಪು ಕಲ್ಪನೆ: ಮೂಳೆ ಕೂಡಿಕೊಂಡರೆ ಗೆದ್ದಂತೆ

ಬಾರ್ಬರೊನ ಗೊರಸಿನ ಮೇಲಿನ ಒಂದು ಮೂಳೆಯೇ 20ಕ್ಕೂ ಹೆಚ್ಚು ಚೂರಾಗಿತ್ತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಪಶು ಆಸ್ಪತ್ರೆಯಲ್ಲಿ ಡಾ. ಡೀನ್ ರಿಚರ್ಡ್‌ಸನ್ ಲೋಹದ ಪಟ್ಟಿಯಿಟ್ಟು 27 ಸ್ಕ್ರೂ ಬಿಗಿದರು. ಆ ಕಾಲು ಬಹುಮಟ್ಟಿಗೆ ಕೂಡಿಕೊಂಡಿತು. ಕೈಕೊಟ್ಟದ್ದು ಪೆಟ್ಟೇ ಬೀಳದ ಎಡ ಹಿಂಗಾಲು.

ಗೊರಸಿನೊಳಗಿನ ಮೂಳೆಯನ್ನು ಹೊರಗಿನ ಗಟ್ಟಿ ಗೋಡೆಗೆ ಹಿಡಿದಿಡುವ ನವಿರಾದ ಪದರಗಳಿವೆ. ಕುದುರೆ ನೋವಿನ ಕಾಲನ್ನು ಊರದೆ, ಭಾರವನ್ನೆಲ್ಲ ಜೊತೆಗಾಲಿನ ಮೇಲೆ ಹಾಕಿ ದಿನಗಟ್ಟಲೆ ನಿಂತರೆ ಆ ಪದರಗಳಿಗೆ ರಕ್ತ ಸಾಲದು. ಅವು ಬಿಟ್ಟುಕೊಳ್ಳುತ್ತವೆ, ಮೂಳೆ ಗೊರಸಿನೊಳಗೇ ಕುಸಿಯುತ್ತದೆ. ಇದು ಲ್ಯಾಮಿನೈಟಿಸ್. ಜುಲೈನಲ್ಲಿ ಬಾರ್ಬರೊನ ಆ ಗೊರಸಿನ ಗೋಡೆಯಲ್ಲಿ ಶೇ 80ರಷ್ಟನ್ನು ಕತ್ತರಿಸಿ ತೆಗೆದರು. ನಮ್ಮ ಉಗುರಿನಂತೆ ಅದು ಬೆಳೆದೇ ಬರಬೇಕು, ತಿಂಗಳುಗಟ್ಟಲೆ. ನಡುವೆ ಚೇತರಿಸಿಕೊಂಡು ಹೊರಗೆ ಹುಲ್ಲು ಮೇಯುವ ಮಟ್ಟಕ್ಕೂ ಬಂದಿತ್ತು. ಜನವರಿಯಲ್ಲಿ ಕಾಯಿಲೆ ಮರುಕಳಿಸಿ ಮುಂಗಾಲುಗಳನ್ನೂ ಹಿಡಿಯಿತು. 2007ರ ಜನವರಿ 29ರಂದು ದಯಾಮರಣ ನೀಡಿದರು.

ನೋವು ಕಡಿಮೆ ಮಾಡಿದರೆ ಕುದುರೆ ಹೆಚ್ಚು ಓಡಾಡಿ ಕಾಲು ಕೆಡಿಸಿಕೊಳ್ಳುತ್ತದೆ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಮುರಿದ ಕಾಲನ್ನು ಅದು ಸ್ವಲ್ಪವಾದರೂ ಊರಲಿ ಎಂದೇ ನೋವು ನಿವಾರಕ ಕೊಡುವುದು.

ತಪ್ಪು ಕಲ್ಪನೆ: ಮಲಗಿಸಿಬಿಟ್ಟರೆ ಭಾರದ ಚಿಂತೆಯಿಲ್ಲ

ಕುದುರೆ ಮಲಗುವುದು ಸ್ವಲ್ಪ ಹೊತ್ತು ಮಾತ್ರ. ಹೆಚ್ಚು ಹೊತ್ತು ಬಿದ್ದುಕೊಂಡರೆ ತನ್ನ ಭಾರಕ್ಕೆ ತನ್ನದೇ ಸ್ನಾಯು, ಶ್ವಾಸಕೋಶ ನಲುಗುತ್ತವೆ, ಒತ್ತುಹುಣ್ಣು ಏಳುತ್ತದೆ. ಜೋಲಿ ಕಟ್ಟಿ ಎತ್ತಿ ನಿಲ್ಲಿಸಬಹುದು. ಕೆಲವು ಸುಮ್ಮನಿರುತ್ತವೆ, ಕೆಲವು ಬೆದರಿ ಒದ್ದಾಡುತ್ತವೆ.

ತಪ್ಪು ಕಲ್ಪನೆ: ಆಪರೇಷನ್ ಮುಗಿದರೆ ಗಂಡಾಂತರ ಕಳೆಯಿತು

ಅರಿವಳಿಕೆ ಇಳಿಯುವ ಗಳಿಗೆಯೇ ಭಯದ್ದು. 1975ರ ಜುಲೈನಲ್ಲಿ ನ್ಯೂಯಾರ್ಕ್‌ನ ಬೆಲ್‌ಮಾಂಟ್ ಪಾರ್ಕ್‌ನಲ್ಲಿ ಮುಂಗಾಲು ಮುರಿದುಕೊಂಡ ರಫಿಯನ್ ಎಂಬ ಹೆಣ್ಣುಕುದುರೆ, ಎಚ್ಚರವಾಗುವಾಗ ಇನ್ನೂ ಓಡುತ್ತಿರುವಂತೆ ಕಾಲು ಬಡಿದು ಆಪರೇಷನ್ ಮಾಡಿದ್ದನ್ನೆಲ್ಲ ಹಾಳುಮಾಡಿಕೊಂಡಿತು. ಅದನ್ನು ಉಳಿಸಲಾಗಲಿಲ್ಲ. ಬಾರ್ಬರೊವನ್ನು ರಬ್ಬರ್ ತೆಪ್ಪದಲ್ಲಿ ಕಾಲಿಳಿಸಿ ಈಜುಕೊಳದ ನೀರಿನಲ್ಲಿ ಎಚ್ಚರಗೊಳಿಸಿದ್ದು ಅದಕ್ಕೇ. ನೀರಿನಲ್ಲಿ ಎಷ್ಟು ಬಡಿದರೂ ಕಾಲಿಗೆ ಏಟಿಲ್ಲ.

ತಪ್ಪು ಕಲ್ಪನೆ: ವೀರ್ಯ ಮಾರುವ ಆಸೆಗೆ ಬದುಕಿಸುತ್ತಾರೆ

ಮಾಲೀಕರ ಮನಸ್ಸು ಅಳೆಯಲು ನಾನು ಹೋಗುವುದಿಲ್ಲ. ಆದರೆ ಈ ರೇಸ್ ಕುದುರೆಗಳ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಗೆ ನೋಂದಣಿಯೇ ಇಲ್ಲ. ಕುಣಿಗಲ್‌ನ ಸ್ಟಡ್ ಫಾರ್ಮ್ ಆಗಲಿ, ಕೆಂಟಕಿಯದಾಗಲಿ, ಗಂಡುಕುದುರೆ ಹಿಂಗಾಲ ಮೇಲೆ ನಿಂತು ಕೂಡಲೇಬೇಕು. ಎರಡೂ ಹಿಂಗಾಲು ಸೋತ ಕುದುರೆಯನ್ನು ಸಾಕುವುದು ಲಾಭದ ವ್ಯಾಪಾರವೇನಲ್ಲ.

ತಪ್ಪು ಕಲ್ಪನೆ: ಚೇತರಿಕೆ ಎಂದರೆ ಮತ್ತೆ ಓಡುವುದು

1971ರಲ್ಲಿ ಇಂಗ್ಲೆಂಡಿನ ಎಪ್ಸಮ್ ಡರ್ಬಿ ಗೆದ್ದ ಮಿಲ್ ರೀಫ್ ಎಂಬ ಕುದುರೆ ಮರುವರ್ಷ ಆಗಸ್ಟ್‌ನಲ್ಲಿ ತಾಲೀಮಿನ ವೇಳೆ ಮುಂಗಾಲು ಮುರಿದುಕೊಂಡಿತು. ಆಪರೇಷನ್ ಆಯಿತು, ಪ್ಲಾಸ್ಟರ್ ಕಾಲನ್ನು ಸಹಿಸಿಕೊಂಡು ತಾಳ್ಮೆಯಿಂದ ನಿಂತಿತು. ಮುಂದೆ ಒಂದು ರೇಸನ್ನೂ ಓಡಲಿಲ್ಲ. ಇಂಗ್ಲೆಂಡಿನ ನ್ಯಾಷನಲ್ ಸ್ಟಡ್ ಸೇರಿ 1986ರವರೆಗೆ ಬದುಕಿತು. ಅದರ ಮಕ್ಕಳಾದ ಶರ್ಲಿ ಹೈಟ್ಸ್ 1978ರಲ್ಲಿ, ರೆಫರೆನ್ಸ್ ಪಾಯಿಂಟ್ 1987ರಲ್ಲಿ ಅದೇ ಡರ್ಬಿ ಗೆದ್ದವು.